ಅಮೆರಿಕದ ಮುತ್ತಜ್ಜ: ಬಳಕೆದಾರರ ಕೈಪಿಡಿ

ಅಮೆರಿಕದ ಮುತ್ತಜ್ಜನೊಬ್ಬನನ್ನು ಹುಡುಕಲು ಹೊರಟ ನಿಮಗೆ ಅಭಿನಂದನೆಗಳು. ಕೆಲಸಕ್ಕೆ ಕೈ ಹಾಕುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ. ಓದದೆ ಇಳಿದವರಲ್ಲಿ ಬಹುಪಾಲು ಜನ ಮೊದಲ ವಾರದಲ್ಲೇ ಇಂಗ್ಲೆಂಡಿನ ಯಾವುದಾದರೂ ರಾಜನ ವಂಶಕ್ಕೆ ಹೋಗಿ ಸೇರಿಕೊಂಡುಬಿಡುತ್ತಾರೆ. ಒಮ್ಮೆ ಸಿಂಹಾಸನ ಹತ್ತಿದವರನ್ನು ಮತ್ತೆ ಕೆಳಗಿಳಿಸುವುದು ಕಂಪನಿಯಿಂದ ಆಗದ ಕೆಲಸ.

ಯಾರಿಗಾಗಿ

ಮಗನ ಮನೆಗೆಂದು ಆರು ತಿಂಗಳ ಮಟ್ಟಿಗೆ ನ್ಯೂಜೆರ್ಸಿಗೋ ಟೆಕ್ಸಸ್ಸಿಗೋ ಬಂದು, ಬಂದ ಹೊಸದರಲ್ಲೇ ನಯಾಗರ ನೋಡಿ ಮುಗಿಸಿ, ಉಳಿದ ದಿನಗಳನ್ನು ಏನು ಮಾಡುವುದೆಂದು ತಿಳಿಯದೆ ಕಿಟಕಿಯ ಪಕ್ಕ ಕೂತಿರುವ ಮಾವನವರಿಗೆ ಈ ಕೈಪಿಡಿ ವಿಶೇಷವಾಗಿ ಒಗ್ಗುತ್ತದೆ. ಸೊಸೆ ಆ ದೇಶದವಳು. ಮೊಮ್ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದಾರೆ. ತಂದೆಯ ಕಡೆಯದನ್ನು ನೀವು ಕೂತಲ್ಲೇ ಏಳು ತಲೆಮಾರು ಹೇಳಿ ಬರೆಸಿದ್ದೀರಿ (ಅದರಲ್ಲಿ ನಾಲ್ಕು ಮಾತ್ರ ನಿಜ ಎಂಬುದು ನಿಮ್ಮ ಮನೆಯವರ ಅಭಿಪ್ರಾಯ). ತಾಯಿಯ ಕಡೆಯದಕ್ಕೆ ಬೀಗಿತ್ತಿಯನ್ನು ಕೇಳಿದರೆ ಫೋನಿನಲ್ಲಿ ಸಿಕ್ಕ ಉತ್ತರ ಇಷ್ಟೇ: "ನಮ್ಮವರು ತುಂಬಾ ಹಿಂದೆ ಬಂದವರು. ಅಣ್ಣತಮ್ಮಂದಿರು ಮೂವರು ಹಡಗಿನಲ್ಲಿ ಬಂದರಂತೆ."

ಪೆಟ್ಟಿಗೆಯೊಳಗೆ ಏನಿದೆ

ಸಾಮಾನ್ಯವಾಗಿ ಎಲ್ಲ ಮನೆಗಳ ಪೆಟ್ಟಿಗೆಯಲ್ಲೂ ಇವೇ ಸಾಮಾನು ಇರುತ್ತವೆ. ಮೂವರು ಅಣ್ಣತಮ್ಮಂದಿರು, ಅವರಲ್ಲಿ ಒಬ್ಬ ಉತ್ತರದಲ್ಲಿ ನಿಂತ, ಒಬ್ಬ ದಕ್ಷಿಣಕ್ಕೆ ಹೋದ, ಇನ್ನೊಬ್ಬನ ಸುದ್ದಿಯೇ ಇಲ್ಲ. ಒಬ್ಬಳು ಚೆರೊಕೀ ರಾಜಕುಮಾರಿ. ಎಲ್ಲಿಸ್ ದ್ವೀಪದ ಗುಮಾಸ್ತ ಬದಲಾಯಿಸಿಬಿಟ್ಟ ಮನೆತನದ ಹೆಸರು. ಸಿಂಹ, ಗುರಾಣಿ ಇರುವ ಲಾಂಛನ. ಈ ನಾಲ್ಕೂ, ಒಳಗಿನ ಸರಕಿಗೆ ಏಟು ಬೀಳದಿರಲಿ ಎಂದು ಸುತ್ತ ತುಂಬಿರುವ ಹುಲ್ಲು. ತೆಗೆದು ಆಚೆ ಹಾಕಿ. ಅಮೆರಿಕದ ಮೂಲನಿವಾಸಿಗಳಾದ ಚೆರೊಕೀ ಜನರಲ್ಲಿ ರಾಜಕುಮಾರಿ ಎಂಬ ಪದವಿಯೇ ಇರಲಿಲ್ಲ. ವಲಸೆ ಬಂದವರನ್ನು ಇಳಿಸಿಕೊಳ್ಳುತ್ತಿದ್ದ ಎಲ್ಲಿಸ್ ದ್ವೀಪದ ಕಟ್ಟೆ ತೆರೆದದ್ದು 1892ರಲ್ಲಿ. ಅಲ್ಲಿಯ ಗುಮಾಸ್ತರು ಹಡಗು ಹತ್ತುವ ಬಂದರಿನಲ್ಲೇ ತಯಾರಾಗಿ ಬಂದ ಪಟ್ಟಿಗೆ ಗುರುತು ಹಾಕುತ್ತಿದ್ದರೇ ಹೊರತು ಯಾರಿಗೂ ನಾಮಕರಣ ಮಾಡುತ್ತಿರಲಿಲ್ಲ. ಲಾಂಛನ ಸಿಗುತ್ತಿದ್ದದ್ದು ವ್ಯಕ್ತಿಗೆ. ಒಂದೇ ಅಡ್ಡಹೆಸರಿನವರಿಗೆಲ್ಲ ಅದನ್ನು ಹಂಚಿದ್ದು ಚಹಾ ಬಟ್ಟಲು ಮಾರುವ ಅಂಗಡಿಗಳು.

ಹುಲ್ಲು ತೆಗೆದ ಮೇಲೆ ಪೆಟ್ಟಿಗೆಯಲ್ಲಿ ಉಳಿಯುವುದು ಒಂದು ಹೆಸರು ಮತ್ತು ಒಂದು ಕೌಂಟಿ. ಕೌಂಟಿ ಎಂದರೆ ನಮ್ಮ ತಾಲ್ಲೂಕಿಗೂ ಜಿಲ್ಲೆಗೂ ನಡುವಿನದು ಎಂದುಕೊಳ್ಳಿ. ಕೆಲಸ ಶುರು ಮಾಡಲು ಇಷ್ಟು ಸಾಕು.

ಕೈ ಪಳಗಿಸಿಕೊಳ್ಳಲು ಕೈಪಿಡಿಯ ಜೊತೆಗೆ ಒಂದು ಮನೆತನವನ್ನು ಮಾದರಿಯಾಗಿ ಕೊಡಲಾಗಿದೆ: ಅಧ್ಯಕ್ಷ ಅಬ್ರಹಾಂ ಲಿಂಕನ್ನರದು. ಇದನ್ನೇ ಆರಿಸಲು ಕಾರಣವಿದೆ. ಲಿಂಕನ್ನರಿಗೆ ತಮ್ಮ ವಂಶವೇ ಸರಿಯಾಗಿ ತಿಳಿದಿರಲಿಲ್ಲ. 1859ರಲ್ಲಿ ಗೆಳೆಯ ಜೆಸ್ಸಿ ಫೆಲ್‌ಗೆ ಬರೆದುಕೊಟ್ಟ ಪುಟ್ಟ ಆತ್ಮವೃತ್ತಾಂತದಲ್ಲಿ ಅವರು, ಅಜ್ಜ ವರ್ಜೀನಿಯಾದಿಂದ ಕೆಂಟಕಿಗೆ ಬಂದವನು, ಅದಕ್ಕೂ ಹಿಂದಿನವರು ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯವರು ಎಂದಷ್ಟು ಹೇಳಿ ನಿಲ್ಲಿಸುತ್ತಾರೆ. ನ್ಯೂ ಇಂಗ್ಲೆಂಡಿನಲ್ಲಿರುವ ಲಿಂಕನ್ ಮನೆತನಕ್ಕೂ ತಮಗೂ ಸಂಬಂಧವಿದೆಯೇ ಎಂದು ನೋಡಿದಾಗ ಮಾರ್ಡೆಕೈ, ಅಬ್ರಹಾಂ, ಸಾಲಮನ್ ಎಂಬ ಹೆಸರುಗಳು ಎರಡು ಕಡೆಯೂ ಇವೆ ಎನ್ನುವುದಕ್ಕಿಂತ ಹೆಚ್ಚೇನೂ ಗಟ್ಟಿಯಾಗಿ ಸಿಗಲಿಲ್ಲವೆಂದೂ ಬರೆಯುತ್ತಾರೆ. ಅವರ ಗುಮಾನಿ ಸರಿಯಾಗಿತ್ತು. 1637ರಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಬಂದಿಳಿದ ನೇಕಾರರ ಹುಡುಗ ಸ್ಯಾಮ್ಯುಯೆಲ್ ಲಿಂಕನ್ನನೇ ಈ ಮನೆತನದ ಮೂಲಪುರುಷ. ಆದರೆ ಕೊಂಡಿಗಳನ್ನೆಲ್ಲ ಜೋಡಿಸಿದ ವಂಶಚರಿತ್ರೆಗಳು ಅಚ್ಚಾಗಿದ್ದು 20ನೆಯ ಶತಮಾನದಲ್ಲಿ. ದೇಶದ ಅಧ್ಯಕ್ಷನಿಗೇ ಸಿಗದ ಮುತ್ತಜ್ಜ ನಿಮಗೆ ಮಂಗಳವಾರದೊಳಗೆ ಸಿಗಬೇಕೆಂದು ಪಟ್ಟು ಹಿಡಿಯಬೇಡಿ.

ಹಂತ 1: ಬದುಕಿರುವವರಿಂದ ಹಿಂದಕ್ಕೆ ನಡೆಯಿರಿ

ಮೇಫ್ಲವರ್ ಹಡಗಿನಿಂದ ಶುರು ಮಾಡಬೇಡಿ. 1620ರಲ್ಲಿ ಇಂಗ್ಲೆಂಡಿನಿಂದ ಅದರಲ್ಲಿ ವಲಸೆ ಬಂದವರು 102 ಜನ. ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ ಅವರಲ್ಲಿ ಅರ್ಧದಷ್ಟು ಜನ ತೀರಿಕೊಂಡಿದ್ದರು. ಇಂದು ಆ ಹಡಗಿನಲ್ಲಿ ತಮ್ಮ ಅಜ್ಜನಿಗೆ ಜಾಗ ಕಾದಿರಿಸುತ್ತಿರುವವರ ಸಂಖ್ಯೆ ನೋಡಿದರೆ ಅದು ಅಂದೇ ಮುಳುಗಬೇಕಿತ್ತು. ಮೇಲಿನಿಂದ ಕೆಳಕ್ಕೆ ಬಂದರೆ ಯಾರ ಮನೆಗೆ ಬೇಕಾದರೂ ತಲುಪಬಹುದು. ಕೆಳಗಿನಿಂದ ಮೇಲಕ್ಕೆ, ಮಗುವಿನಿಂದ ತಾಯಿಗೆ, ತಾಯಿಯಿಂದ ಅವಳ ತಂದೆಗೆ, ಒಂದೊಂದು ಮೆಟ್ಟಿಲಿಗೂ ಒಂದು ಕಾಗದ ಇಟ್ಟು ಹತ್ತಬೇಕು.

ಈ ಮೆಟ್ಟಿಲುಗಳಲ್ಲಿ ಸುಲಭವಾದದ್ದು ಜನಗಣತಿ. 1790ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದಿದೆ. ಹೆಸರುಗಳಿರುವ ಹಾಳೆಗಳನ್ನು 72 ವರ್ಷ ಮುಚ್ಚಿಟ್ಟು ಆಮೇಲೆ ತೆರೆಯುವುದು ಅಲ್ಲಿಯ ನಿಯಮ. 1950ರದು 2022ರ ಏಪ್ರಿಲ್ 1ರಂದು ತೆರೆಯಿತು. ಅಲ್ಲಿಂದ ಹತ್ತತ್ತು ವರ್ಷ ಹಿಂದಕ್ಕೆ ಸರಾಗವಾಗಿ ಹತ್ತುತ್ತೀರಿ. 1890ಕ್ಕೆ ಬಂದಾಗ ಕಾಲು ಜಾರುತ್ತದೆ. ಅಲ್ಲಿ ಮೆಟ್ಟಿಲಿಲ್ಲ. ಆ ವರ್ಷದ ಹಾಳೆಗಳಿದ್ದ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡದ ನೆಲಮಾಳಿಗೆಗೆ 1921ರ ಜನವರಿಯಲ್ಲಿ ಬೆಂಕಿ ಬಿತ್ತು. ಬೆಂಕಿ ಸುಟ್ಟಿದ್ದು ಸ್ವಲ್ಪ, ಆರಿಸಲು ಸುರಿದ ನೀರು ತೋಯಿಸಿದ್ದು ಬಹಳ. ಉಳಿದ ಒದ್ದೆ ಕಡತವನ್ನು ಏನು ಮಾಡುವುದೆಂದು ವರ್ಷಗಟ್ಟಲೆ ಯಾರಿಗೂ ತೋಚಲಿಲ್ಲ. ಕೊನೆಗೆ 1933ರ ಫೆಬ್ರವರಿ 20ರಂದು ಅಧ್ಯಕ್ಷ ಹೂವರ್ ರಾಷ್ಟ್ರೀಯ ದಾಖಲಾಗಾರದ ಕಟ್ಟಡಕ್ಕೆ ಅಡಿಗಲ್ಲು ಹಾಕಿದರು. ಮರುದಿನವೇ ಸಂಸತ್ತು ಆ ಕಡತವನ್ನು ನಾಶ ಮಾಡಲು ಒಪ್ಪಿಗೆ ಕೊಟ್ಟಿತು. ಸರ್ಕಾರಿ ಕಚೇರಿಯ ಪರಿಚಯವಿರುವ ಯಾರಿಗೂ ಇದರಲ್ಲಿ ಆಶ್ಚರ್ಯವೇನೂ ಕಾಣದು.

1880ರ ಹಾಳೆ ಒಳ್ಳೆಯದು. ಮನೆಯ ಯಜಮಾನನಿಗೆ ಯಾರು ಏನಾಗಬೇಕು ಎಂದು ಬರೆಯುವುದು ಶುರುವಾದದ್ದು ಆಗ. 1850ರ ಹಾಳೆಯಲ್ಲಿ ಮನೆಯಲ್ಲಿದ್ದ ಸ್ವತಂತ್ರರೆಲ್ಲರ ಹೆಸರೂ ವಯಸ್ಸೂ ಇರುತ್ತವೆ. ವಯಸ್ಸನ್ನು ಮಾತ್ರ ನಂಬಬೇಡಿ. ಗಣತಿದಾರ ಬಾಗಿಲು ತಟ್ಟಿದಾಗ ಯಾರು ತೆರೆದರೋ ಅವರು ಹೇಳಿದ್ದೇ ದಾಖಲೆ. ಮಾದರಿ ಮನೆತನದಲ್ಲೇ ನೋಡಿ. ಸ್ಪ್ರಿಂಗ್‌ಫೀಲ್ಡಿನಲ್ಲಿ ವಕೀಲರಾಗಿದ್ದ ಲಿಂಕನ್ನರ ಮನೆಯಲ್ಲಿ 1850ರಲ್ಲಿ ಹೆಂಡತಿ ಮೇರಿಗೆ 28 ವರ್ಷ, 1860ರಲ್ಲಿ 35. ಯಜಮಾನರಿಗೆ ಮಾತ್ರ 40 ಇದ್ದದ್ದು 51 ಆಗಿದೆ. ಆ ಮನೆಯಲ್ಲಿ ಕಾಲ ಗಂಡನಿಗೊಂದು ದರದಲ್ಲಿ, ಹೆಂಡತಿಗೊಂದು ದರದಲ್ಲಿ ನಡೆಯುತ್ತಿತ್ತು. ಮೇರಿ ಹುಟ್ಟಿದ್ದು 1818ರಲ್ಲಿ. ಲೆಕ್ಕ ನೀವೇ ಹಾಕಿಕೊಳ್ಳಿ, ಯಾರ ಮುಂದೂ ಹೇಳಬೇಡಿ.

1840 ಮತ್ತು ಅದಕ್ಕೂ ಹಿಂದಿನ ಗಣತಿಯಲ್ಲಿ ಮನೆಯ ಯಜಮಾನನ ಹೆಸರೊಂದೇ. ಉಳಿದವರೆಲ್ಲ ಕಾಲಮ್ಮಿನಲ್ಲಿ ಅಂಕಿ. ಇಷ್ಟು ವಯಸ್ಸಿನೊಳಗಿನ ಗಂಡು ಎರಡು, ಇಷ್ಟು ವಯಸ್ಸಿನ ಹೆಣ್ಣು ಒಂದು. 1790ರಲ್ಲಂತೂ ಬಿಳಿಯ ಹೆಂಗಸರಿಗೆ ವಯಸ್ಸಿನ ವಿಂಗಡಣೆಯೂ ಇಲ್ಲ. ತೊಟ್ಟಿಲ ಕೂಸಿಂದ ಹಲ್ಲಿಲ್ಲದ ಅಜ್ಜಿಯವರೆಗೆ ಒಂದೇ ಅಂಕಿ. ಗಂಡಸರನ್ನು 16ರ ಮೇಲೆ, ಕೆಳಗೆ ಎಂದು ಬೇರೆ ಮಾಡಿದ್ದು ದುಡಿಮೆಗೂ ಬಂದೂಕಿಗೂ ಎಷ್ಟು ಕೈ ಸಿಗುತ್ತವೆ ಎಂದು ತಿಳಿಯಲು.

ಹಂತ 2: ಎಚ್ಚರಿಕೆಯ ಪುಟ

ಈ ಪುಟದಲ್ಲಿ ಕಂಪನಿ ತಮಾಷೆ ಮಾಡುವುದಿಲ್ಲ.

1850ರಲ್ಲೂ 1860ರಲ್ಲೂ ದಕ್ಷಿಣದ ರಾಜ್ಯಗಳಲ್ಲಿ ಬೇರೊಂದು ಹಾಳೆ ಇತ್ತು. ಎಡಗಡೆ ಮಾಲೀಕನ ಹೆಸರು. ಅದರ ಎದುರು ಸಾಲಾಗಿ, ಒಂದೊಂದು ಸಾಲಿಗೆ ಒಬ್ಬರಂತೆ, ವಯಸ್ಸು, ಗಂಡು ಅಥವಾ ಹೆಣ್ಣು, ಮೈಬಣ್ಣ. 30, ಹೆಣ್ಣು, ಕಪ್ಪು. 8, ಗಂಡು, ಕಪ್ಪು. ಓಡಿಹೋದವರಾಗಿದ್ದರೆ ಅದಕ್ಕೊಂದು ಕಾಲಂ, ಕಿವುಡು, ಕುರುಡಾಗಿದ್ದರೆ ಅದಕ್ಕೊಂದು. ಹೆಸರಿಗೆ ಕಾಲಂ ಇಲ್ಲ. ಗುಲಾಮಗಿರಿಯಿಂದ ಬಿಡುಗಡೆಯಾದವರೆಲ್ಲ ಹೆಸರು ಹೊತ್ತು ಜನಗಣತಿಯ ಸಾಲಿಗೆ ಬಂದದ್ದು 1870ರಲ್ಲಿ. ಆಫ್ರಿಕದ ಮೂಲದ ಅಮೆರಿಕನ್ನರು ಅಜ್ಜನನ್ನು ಹುಡುಕುತ್ತಾ ಬಂದು ಹಣೆ ಚಚ್ಚಿಕೊಳ್ಳುವ ಗೋಡೆ ಇದೇ.

ಗೋಡೆಯ ಆಚೆ ಹೋಗಲು ಮಾಲೀಕನ ಮನೆಯ ಕಾಗದಗಳ ಮೂಲಕವೇ ಹೋಗಬೇಕು. ಅವನು ಸತ್ತಾಗ ನೆರೆಯವರು ಬಂದು ಆಸ್ತಿಯ ಪಟ್ಟಿ ಮಾಡುತ್ತಿದ್ದರು: ಗರಿ ತುಂಬಿದ ಹಾಸಿಗೆ ಒಂದು, ಕಬ್ಬಿಣದ ಪಾತ್ರೆ ಎರಡು, ಹಸು ಕರು, ಮತ್ತು ಅದೇ ಸಾಲಿನಲ್ಲಿ ಮನುಷ್ಯರು, ಹೆಸರಿನ ಮುಂದೆ ಬೆಲೆ. ಎಷ್ಟೋ ಜನರ ಮೊದಲ ಹೆಸರು ಕಾಗದದ ಮೇಲೆ ಸಿಗುವುದು ಇಲ್ಲಿ. ಉತ್ತರ ದಕ್ಷಿಣ ರಾಜ್ಯಗಳ ಅಂತರ್ಯುದ್ಧ ಮುಗಿಯುವ ಹೊತ್ತಿಗೆ, 1865ರಲ್ಲಿ, ಬಿಡುಗಡೆಯಾದವರಿಗೆಂದು ತೆರೆದು 1874ರಲ್ಲಿ ಮುಳುಗಿದ ಫ್ರೀಡ್‌ಮನ್ಸ್ ಬ್ಯಾಂಕಿನಲ್ಲಿ ಖಾತೆ ತೆರೆಯಲು ಬಂದವರನ್ನು ಗುಮಾಸ್ತ ತಂದೆತಾಯಿ, ಅಣ್ಣತಮ್ಮಂದಿರ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದ. ಮೊದಮೊದಲ ಅರ್ಜಿಗಳಲ್ಲಿ ಹಳೆಯ ಮಾಲೀಕನ ಹೆಸರಿಗೂ ಜಾಗವಿತ್ತು. ಬ್ಯಾಂಕು ಬಡವರ ಉಳಿತಾಯ ನುಂಗಿತು, ಅರ್ಜಿಗಳು ಉಳಿದವು. ಇಂದು ಸಾವಿರಾರು ಕುಟುಂಬಗಳ ಕೊಂಡಿ ಅವುಗಳಲ್ಲಿದೆ.

ನಿಮ್ಮ ಸೊಸೆಯ ಮುತ್ತಜ್ಜ ಆ ಪಟ್ಟಿಯ ಎಡಗಡೆ ಇದ್ದರೆ ಅದನ್ನೂ ಮೊಮ್ಮಗಳ ವಂಶವೃಕ್ಷದಲ್ಲಿ ಬರೆಯಿರಿ. ಬಲಗಡೆಯವರ ಹೆಸರು ಅವನ ಕಾಗದದಲ್ಲಿ ಕಂಡರೆ ಬೇರೆಯಾಗಿ ಬರೆದಿಟ್ಟು, ಹುಡುಕುತ್ತಿರುವವರ ಕೈಗೆ ತಲುಪಿಸಿ. ಅದು ನಿಮಗಿಂತ ಅವರಿಗೆ ಹೆಚ್ಚು ಬೇಕಾದದ್ದು.

ಹಂತ 3: ಹೆಸರಿನ ಮೇಲೆ ಭಾರ ಹಾಕಬೇಡಿ

ಪಹಣಿಯಲ್ಲಿ ಒಂದು, ಆಧಾರಿನಲ್ಲಿ ಒಂದು, ಶಾಲೆಯ ವರ್ಗಾವಣೆ ಪತ್ರದಲ್ಲಿ ಇನ್ನೊಂದು ಹೆಸರಿರುವ ನಾಡಿನಿಂದ ಬಂದ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಬರೆಯಲು ಬಾರದವನು ಬಾಯಲ್ಲಿ ಹೇಳಿದ, ಬರೆಯಲು ಬಂದವನು ಕಿವಿಗೆ ಬಿದ್ದಂತೆ ಬರೆದ. ಅಧ್ಯಕ್ಷರ ಅಜ್ಜ ಅಬ್ರಹಾಂ 1780ರಲ್ಲಿ ಕೆಂಟಕಿಯಲ್ಲಿ 400 ಎಕರೆಗೆ ದುಡ್ಡು ಕಟ್ಟಿ ಪಡೆದ ಪತ್ರದಲ್ಲಿ ಅವನ ಹೆಸರು ಅಬ್ರಹಾಂ ಲಿಂಕ್‌ಹಾರ್ನ್. ಇಂಥ ತೊಂದರೆಗೆಂದೇ ಸೌಂಡೆಕ್ಸ್ ಎಂಬ ಉಪಾಯ ಕಂಡುಹಿಡಿದು 1918ರಲ್ಲಿ ಪೇಟೆಂಟ್ ತೆಗೆದುಕೊಂಡರು. ಸ್ವರಗಳನ್ನು ಬಿಟ್ಟು, ಒಂದೇ ಥರ ಕೇಳಿಸುವ ವ್ಯಂಜನಗಳಿಗೆ ಒಂದೇ ಅಂಕಿ ಕೊಟ್ಟು, ಹೆಸರನ್ನು ಒಂದು ಅಕ್ಷರ ಮೂರು ಅಂಕಿಗೆ ಇಳಿಸುವುದು ಇದರ ಕ್ರಮ. ಕೆಲವು ಗಣತಿಗಳ ಸೂಚಿಯೇ ಇದರಲ್ಲಿದೆ. ಲಿಂಕನ್ ಎಂದು ಹಾಕಿ ನೋಡಿ: ಎಲ್ 524 ಬರುತ್ತದೆ. ಲಿಂಕ್‌ಹಾರ್ನ್ ಎಂದು ಹಾಕಿ: ಎಲ್ 526. ಅಂದರೆ ಯಂತ್ರದ ಪ್ರಕಾರ ಅಜ್ಜನೂ ಮೊಮ್ಮಗನೂ ಅಪರಿಚಿತರು. ಉಪಾಯ ಜಾಣತನದ್ದೇ, ಆದರೆ ಹಳ್ಳಿಯ ಬಾಯಿಯನ್ನು ಅದು ಪೂರ್ತಿ ಬಲ್ಲದ್ದಲ್ಲ.

ಹಳೆಯ ಕೈಬರಹ ಇನ್ನೊಂದು ಪಾಡು. ಜೆಸ್ಸಿ ಎಂಬ ಹೆಸರಿನಲ್ಲಿ ಎರಡು ಎಸ್ ಜೊತೆಯಾಗಿ ಬಂದಾಗ ಮೊದಲನೆಯದನ್ನು ಉದ್ದವಾಗಿ, ಥೇಟು ಎಫ್‌ನಂತೆ ಎಳೆಯುತ್ತಿದ್ದರು. ಹೀಗಾಗಿ ಅಚ್ಚಾದ ಸೂಚಿಗಳಲ್ಲಿ ಜೆಫ್ಸಿ ಎಂಬ, ಭೂಮಿಯ ಮೇಲೆ ಹುಟ್ಟದೇ ಇದ್ದ ಗಂಡಸರು ತುಂಬಿದ್ದಾರೆ. ಇನ್ನು ಮುದ್ದಿನ ಹೆಸರುಗಳು. ಪಾಲಿ ಎಂದರೆ ಮೇರಿ, ಪೆಗ್ಗಿ ಎಂದರೆ ಮಾರ್ಗರೆಟ್, ಪ್ಯಾಟ್ಸಿ ಎಂದರೆ ಮಾರ್ಥಾ. ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರ ಹೆಂಡತಿ ಮಾರ್ಥಾ ಮನೆಯಲ್ಲಿ ಪ್ಯಾಟ್ಸಿಯೇ. ಪಾಲಿ ಸತ್ತಳು, ಅವನು ಮೇರಿ ಎಂಬುವಳನ್ನು ಎರಡನೆಯ ಮದುವೆಯಾದ ಎಂದು ಕಥೆ ಕಟ್ಟುವ ಮುನ್ನ ಒಮ್ಮೆ ಯೋಚಿಸಿ.

ಹೆಸರು ಸರಿಯಾಗಿ ಸಿಕ್ಕರೂ ಮನುಷ್ಯ ಸಿಕ್ಕನೆಂದಲ್ಲ. ಸ್ಯಾಮ್ಯುಯೆಲ್ ಲಿಂಕನ್ ಬಂದು ನೆಲೆಸಿದ ಹಿಂಗಮ್ ಊರಿನಲ್ಲಿ ಒಂದೇ ಕಾಲಕ್ಕೆ ನಾಲ್ವರು ಥಾಮಸ್ ಲಿಂಕನ್ನರಿದ್ದರು. ಊರಿನವರು ಅವರನ್ನು ಕಸುಬಿನಿಂದ ಗುರುತಿಸಿದರು: ನೇಕಾರ ಥಾಮಸ್, ಗಿರಣಿ ಥಾಮಸ್, ಪೀಪಾಯಿ ಥಾಮಸ್, ಬೇಸಾಯದ ಥಾಮಸ್. ಹಿರಿಯ, ಕಿರಿಯ ಎಂದು ಹೆಸರಿನ ಮುಂದೆ ಕಂಡರೂ ಅವರು ಅಪ್ಪ ಮಗ ಎಂದು ತೀರ್ಮಾನಿಸಬೇಡಿ; ಊರಿನಲ್ಲಿ ಅದೇ ಹೆಸರಿನ ವಯಸ್ಸಾದವನು ಹಿರಿಯ, ಅವನು ಸತ್ತ ಮರುದಿನ ನಿನ್ನೆಯ ಕಿರಿಯನೇ ಹಿರಿಯ.

ಹಂತ 4: ತಾರೀಕು

1752ರ ಸೆಪ್ಟೆಂಬರ್ 2ರ ರಾತ್ರಿ ಮಲಗಿದ ನಿಮ್ಮ ಮುತ್ತಜ್ಜ ಎದ್ದಾಗ 14ನೆಯ ತಾರೀಕು. ಗಾಬರಿ ಬೇಡ, ಬ್ರಿಟಿಷ್ ಸಾಮ್ರಾಜ್ಯ ಅಂದು ಕ್ಯಾಲೆಂಡರ್ ಬದಲಿಸಿತು. ಅದಕ್ಕೂ ಮುಂಚೆ ಅವರ ಕಾನೂನಿನ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹೀಗಾಗಿ ಜನವರಿ, ಫೆಬ್ರವರಿಯಲ್ಲಿ ಹುಟ್ಟಿದವರಿಗೆ ಎರಡೆರಡು ವರ್ಷ. ಜಾರ್ಜ್ ವಾಷಿಂಗ್ಟನ್ ಹುಟ್ಟಿದ್ದು ಹಳೆಯ ಲೆಕ್ಕದಲ್ಲಿ 1731ರ ಫೆಬ್ರವರಿ 11, ಹೊಸದರಲ್ಲಿ 1732ರ ಫೆಬ್ರವರಿ 22. ಕ್ವೇಕರ್ ಪಂಥದವರು ತಿಂಗಳಿಗೆ ಹೆಸರನ್ನೇ ಬರೆಯದೆ ಒಂದನೆಯ ತಿಂಗಳು, ಎರಡನೆಯ ತಿಂಗಳು ಎನ್ನುತ್ತಿದ್ದರು, ಮತ್ತು 1752ಕ್ಕೆ ಮುಂಚೆ ಅವರ ಒಂದನೆಯ ತಿಂಗಳು ಮಾರ್ಚ್. ಮಗು ಮದುವೆಗೆ ಮುಂಚೆ ಹುಟ್ಟಿದಂತೆ ಕಂಡರೆ ಮೊದಲು ಕ್ಯಾಲೆಂಡರನ್ನು ತಪಾಸಣೆ ಮಾಡಿ. ಆಮೇಲೂ ಹಾಗೇ ಕಂಡರೆ, ಹಾಗೇ.

ಸ್ಯಾಮ್ಯುಯೆಲ್ ಲಿಂಕನ್ 1637ರಲ್ಲಿ ಹಡಗು ಹತ್ತುವಾಗ ಪಟ್ಟಿಯಲ್ಲಿ ಬರೆಸಿದ ವಯಸ್ಸು 18. ಇಂಗ್ಲೆಂಡಿನ ಚರ್ಚಿನ ಪುಸ್ತಕದಲ್ಲಿ ಅವನಿಗೆ ದೀಕ್ಷಾಸ್ನಾನವಾದದ್ದು 1622ರ ಆಗಸ್ಟಿನಲ್ಲಿ, ಅಂದರೆ ಹದಿನೈದೂ ತುಂಬಿರಲಿಲ್ಲ. ಮಗು ದೊಡ್ಡದಾದ ಮೇಲೆ ದೀಕ್ಷೆಯಾಯಿತೋ, ಹುಡುಗ ವಯಸ್ಸು ಏರಿಸಿ ಹೇಳಿದನೋ? ವಿದ್ವಾಂಸರು ಎರಡನ್ನೂ ಹೇಳುತ್ತಾರೆ. ಕೈಪಿಡಿಯ ಒಲವು ಹುಡುಗ ಸುಳ್ಳು ಹೇಳಿದನೆಂಬ ಕಡೆಗೆ.

ಹಂತ 5: ಜಮೀನು

ದೇವರು, ಸರ್ಕಾರ, ಹೆಂಡತಿ ಮೂವರೂ ಮರೆತ ಮನುಷ್ಯನನ್ನು ಜಮೀನಿನ ಕಾಗದ ನೆನಪಿಟ್ಟುಕೊಂಡಿರುತ್ತದೆ. ಬೇರೆ ಎಲ್ಲ ಹಂತ ಬಿಟ್ಟರೂ ಇದನ್ನು ಬಿಡಬೇಡಿ. ಕ್ರಯಪತ್ರದಲ್ಲಿ ಚಕ್ಕುಬಂದಿ ಓದಿದ ಅಭ್ಯಾಸವಿರುವವರಿಗೆ ಇದು ತವರಿನ ಭಾಷೆ. ಹಳೆಯ ವಸಾಹತುಗಳ ಪತ್ರ ಹೀಗೆ ನಡೆಯುತ್ತದೆ: ಹಳ್ಳದ ದಂಡೆಯ ಬಿಳಿ ಓಕ್ ಮರದಿಂದ ಹೊರಟು, ಉತ್ತರಕ್ಕೆ ಇಷ್ಟು ಡಿಗ್ರಿ ತಿರುಗಿ ಇಷ್ಟು ಕೋಲು ನಡೆದು, ಇಂಥವನ ಮೂಲೆಯ ಕಲ್ಲಿಗೆ, ಅಲ್ಲಿಂದ ಹಳ್ಳ ಹಿಡಿದು ಮತ್ತೆ ಮೊದಲ ಮರಕ್ಕೆ. ಅಳತೆ ಗಂಟರ್ ಎಂಬ ಇಂಗ್ಲಿಷ್ ಗಣಿತಜ್ಞನ 66 ಅಡಿ ಸರಪಳಿಯದು. ನಾಲ್ಕು ಕೋಲಿಗೆ ಒಂದು ಸರಪಳಿ. ನಿಮ್ಮ ಊರಿನ ಗುಂಟೆ 33 ಅಡಿ ಚೌಕ, ಅಂದರೆ ಅದೇ ಸರಪಳಿಯ ಅರ್ಧದ ಚೌಕ. ಎರಡು ಖಂಡಗಳ ರೈತರನ್ನು ಒಂದೇ ಕಬ್ಬಿಣ ಅಳೆದಿದೆ.

ಮರ ಬಿದ್ದರೆ, ಹಳ್ಳ ದಾರಿ ಬದಲಿಸಿದರೆ ಏನು? ವ್ಯಾಜ್ಯ. ಕೆಂಟಕಿಯಲ್ಲಿ ಒಬ್ಬನ ಓಕ್ ಮರ ಇನ್ನೊಬ್ಬನ ಜೋಳದ ಹೊಲದ ನಡುವೆ ನಿಂತಿರುತ್ತಿತ್ತು. ಒಂದೇ ನೆಲಕ್ಕೆ ಮೇಲಿಂದ ಮೇಲೆ ಪತ್ರಗಳಾಗಿದ್ದವು. ಅಧ್ಯಕ್ಷರ ತಂದೆ ಥಾಮಸ್ 1816ರಲ್ಲಿ ಸಂಸಾರ ಕಟ್ಟಿಕೊಂಡು ಇಂಡಿಯಾನಾಕ್ಕೆ ಹೊರಟದ್ದಕ್ಕೆ ಗುಲಾಮಗಿರಿ ಒಂದು ಕಾರಣವಾದರೂ, ಮುಖ್ಯ ಕಾರಣ ಈ ಹಕ್ಕುಪತ್ರದ ತಕರಾರು ಎಂದು ಮಗನೇ ಬರೆದಿದ್ದಾನೆ. ಆ ಮಗ ಬೆಳೆದು ಇಲಿನಾಯ್ಸಿನಲ್ಲಿ ಕೆಲವು ವರ್ಷ ಮಾಡಿದ ಕೆಲಸ ಸರ್ವೇಯರನದು. ವಂಶಚರಿತ್ರೆ ಬರೆಯುವವರಿಗೆ ಇಂಥ ವ್ಯಾಜ್ಯ ಹಬ್ಬ. ಕೋರ್ಟಿನಲ್ಲಿ ಅಣ್ಣತಮ್ಮಂದಿರು ಒಬ್ಬೊಬ್ಬರಾಗಿ ಬಂದು ಅಪ್ಪ ಯಾರು, ಎಂದು ಸತ್ತ, ಯಾರಿಗೆ ಎಷ್ಟು ಪಾಲು ಎಂದು ಪ್ರಮಾಣ ಮಾಡಿ ಹೇಳಿರುತ್ತಾರೆ. ಅನ್ಯೋನ್ಯವಾಗಿದ್ದ ಮನೆಯವರ ಗತಿ ಏನು? ಅವರ ಕಡತವೇ ಇಲ್ಲ.

ಹೆಂಗಸರು ಸಿಗುವುದೂ ಇಲ್ಲೇ. ಗಂಡ ಸತ್ತರೆ ಅವನ ಜಮೀನಿನ ಮೂರನೆಯ ಒಂದು ಪಾಲಿನ ಮೇಲೆ ವಿಧವೆಗೆ ಬದುಕಿರುವವರೆಗೆ ಹಕ್ಕು. ಆದ್ದರಿಂದ ಗಂಡ ಜಮೀನು ಮಾರುವಾಗ ಅನೇಕ ಕಡೆ ನ್ಯಾಯಾಧಿಕಾರಿ ಹೆಂಡತಿಯನ್ನು ಗಂಡನಿಂದ ಬೇರೆ ಕರೆದು, ಬಲವಂತವಿಲ್ಲದೆ ಒಪ್ಪಿದ್ದೀಯಾ ಎಂದು ಕೇಳಿ ಬರೆದುಕೊಳ್ಳಬೇಕಿತ್ತು. ಮೂವತ್ತು ವರ್ಷ ಅಂಕಿಯಾಗಿ ಗಣತಿಯಲ್ಲಿ ಕೂತಿದ್ದ ಹೆಂಗಸು ಆ ಒಂದು ಸಾಲಿನಲ್ಲಿ ತನ್ನ ಹೆಸರು ಹೇಳುತ್ತಾಳೆ. ತವರಿನ ಹೆಸರು ಮಾತ್ರ ಕೇಳಬೇಡಿ. ಲಿಂಕನ್ನರ ತಾಯಿ ನ್ಯಾನ್ಸಿ ಹ್ಯಾಂಕ್ಸ್ ಮದುವೆಯಾದ 1806ರ ಕಾಗದ ಕೆಂಟಕಿಯ ವಾಷಿಂಗ್ಟನ್ ಕೌಂಟಿಯಲ್ಲಿ ಬೆಳಕಿಗೆ ಬಂದದ್ದು ಮಗನ ಹತ್ಯೆಯಾಗಿ ವರ್ಷಗಳ ಮೇಲೆ. ಅಲ್ಲಿಯವರೆಗೆ ಆ ಮದುವೆ ನಡೆದೇ ಇಲ್ಲ ಎನ್ನುವ ನಾಲಿಗೆಗಳಿಗೆ ಬಿಡುವಿರಲಿಲ್ಲ. ಅವಳ ತಂದೆ ಯಾರೆಂಬುದು ಇಂದಿಗೂ ಚರ್ಚೆಯಲ್ಲಿದೆ.

ಕಚೇರಿಗೆ ಹೋಗುವ ಮುನ್ನ ಯಾವ ಕಚೇರಿ ಎಂದು ನೋಡಿಕೊಳ್ಳಿ. ಕೆಂಟಕಿ 1792ರವರೆಗೆ ವರ್ಜೀನಿಯಾ, ಮೇಯ್ನ್ 1820ರವರೆಗೆ ಮ್ಯಾಸಚೂಸೆಟ್ಸ್, ಪಶ್ಚಿಮ ವರ್ಜೀನಿಯಾ 1863ರವರೆಗೆ ಬರೀ ವರ್ಜೀನಿಯಾ. ಮುತ್ತಜ್ಜ ಕೂತ ಮನೆಯಿಂದ ಏಳದೆಯೇ ಮೂರು ಕೌಂಟಿ ದಾಟಿರಬಹುದು. ಮತ್ತೆ ಬೆಂಕಿ ಇದ್ದೇ ಇದೆ. ಅಂತರ್ಯುದ್ಧದ ಕಾಲದಲ್ಲಿ ಪೂರ್ವ ವರ್ಜೀನಿಯಾದ ಹಲವು ಕೌಂಟಿಗಳವರು ಸೈನಿಕರ ಕೈಗೆ ಸಿಗದಿರಲೆಂದು ತಮ್ಮ ದಫ್ತರಗಳನ್ನು ರಿಚ್ಮಂಡಿಗೆ ಸಾಗಿಸಿದರು. 1865ರ ಏಪ್ರಿಲಿನಲ್ಲಿ ರಿಚ್ಮಂಡೇ ಉರಿಯಿತು. ಏನೂ ಮಾಡದೆ ಕಪಾಟಿನಲ್ಲೇ ಬಿಟ್ಟ ಸೋಮಾರಿ ಗುಮಾಸ್ತರ ಕೌಂಟಿಗಳ ದಾಖಲೆಗಳು ಎಷ್ಟೋ ಕಡೆ ಸುಖವಾಗಿವೆ.

ಹಂತ 6: ಮುತ್ತಜ್ಜನ ಚಾರಿತ್ರ್ಯ

ಅವನು ಕೆಟ್ಟವನಾಗಿದ್ದರೆ ನಿಮ್ಮ ಪುಣ್ಯ. ಕುಡಿದು ಚರ್ಚಿಗೆ ಬಂದ, ಹೊರಗಿನವಳನ್ನು ಮದುವೆಯಾಗಿ ಕ್ವೇಕರ್ ಸಭೆಯಿಂದ ಹೊರಬಿದ್ದ, ಸಾಲ ತೀರಿಸದೆ ಓಡಿದ, ಇವೆಲ್ಲ ತಾರೀಕಿನ ಸಮೇತ ದಾಖಲಾಗಿರುತ್ತವೆ. ಬಡವರಿಗೆ ನ್ಯೂ ಇಂಗ್ಲೆಂಡಿನ ಊರುಗಳು ತಮ್ಮ ಖರ್ಚಿಗೆ ಬೀಳದಿರಲೆಂದು ಊರು ಬಿಡಲು ನೋಟೀಸು ಕೊಡುತ್ತಿದ್ದವು; ಆ ನೋಟೀಸಿನಲ್ಲಿ ಹೆಂಡತಿ ಮಕ್ಕಳ ಹೆಸರು, ಎಲ್ಲಿಂದ ಬಂದವರೆಂಬುದು ಎಲ್ಲವೂ ಇರುತ್ತದೆ. ಊರಿನ ಸಭೆಯ ಪುಸ್ತಕದಲ್ಲಿ ಬೇಲಿ ನೋಡುವವನು, ಬೀದಿ ಹಂದಿ ಹಿಡಿಯುವವನು ಎಂಬ ಹುದ್ದೆಗಳು ಕಾಣುತ್ತವೆ. ಹಂದಿಯ ಹುದ್ದೆಗೆ ಹೊಸದಾಗಿ ಮದುವೆಯಾದವರನ್ನು ಆರಿಸಿ ನಗುವುದು ಹಲವು ಕಡೆ ವಾಡಿಕೆ. ಕಾಂಕರ್ಡ್ ಊರು ಎಮರ್ಸನ್ನರಂಥ ದಾರ್ಶನಿಕರನ್ನೂ ಬಿಡಲಿಲ್ಲ. ಆ ಪಟ್ಟಿಯಲ್ಲಿ ನಿಮ್ಮವನಿದ್ದರೆ ಮದುವೆಯ ವರ್ಷ ಊಹಿಸಲು ಅನುಕೂಲ.

ಒಳ್ಳೆಯವನಾಗಿದ್ದರೆ ಇರುವ ಒಂದೇ ದಾರಿ ಯುದ್ಧ. 1832ರಲ್ಲಿ ಸ್ವಾತಂತ್ರ್ಯ ಸಮರದ ಹಳೆಯ ಸೈನಿಕರಿಗೆ ಪಿಂಚಣಿ ಎಂದು ಕಾನೂನಾಯಿತು. ಲಿಖಿತ ಪುರಾವೆ ಇಲ್ಲದಿದ್ದವರು ಕೋರ್ಟಿಗೆ ಬಂದು ಎಲ್ಲಿ ಹುಟ್ಟಿದೆ, ಯಾರ ಕೈಕೆಳಗೆ ನಡೆದೆ, ಎಲ್ಲಿ ಹೋರಾಡಿದೆ ಎಂದು ಬಾಯಲ್ಲಿ ಹೇಳಬೇಕಿತ್ತು. ಎಪ್ಪತ್ತು ಎಂಬತ್ತು ವರ್ಷದ ಮುದುಕರ ಆ ಮಾತುಗಳು ಗುಮಾಸ್ತನ ಕೈಬರಹದಲ್ಲಿ ಉಳಿದಿವೆ. ವಿಧವೆಯರು ಮದುವೆಯ ಪುರಾವೆಗೆಂದು ಮನೆಯ ಬೈಬಲಿನಿಂದ ಹರಿದು ಕೊಟ್ಟ ಹಾಳೆಗಳು ಇಂದಿಗೂ ಆ ಕಡತಗಳಲ್ಲಿವೆ. ಪೆನ್ಸಿಲ್ವೇನಿಯಾದ ನಾವಿಕರ ಕಡತವಾದರೆ ನಿಧಾನವಾಗಿ ಓದಿ. 1782ರ ಏಪ್ರಿಲ್ 8ರಂದು ಡೆಲಾವೇರ್ ಕೊಲ್ಲಿಯಲ್ಲಿ ಜೋಶುವಾ ಬಾರ್ನಿ ಎಂಬ ಕಪ್ತಾನ ತನಗಿಂತ ಬಲವಾದ ಬ್ರಿಟಿಷ್ ಹಡಗು ಜನರಲ್ ಮಾಂಕ್ ಅನ್ನು ಸೆರೆ ಹಿಡಿದ. ಬಾರ್ನಿಯ ಹಡಗಿನ ಹೆಸರು ಹೈದರ್ ಅಲಿ. ಶ್ರೀರಂಗಪಟ್ಟಣದ ನಮ್ಮ ಹೈದರನೇ. ಆಗ ಅವನು ಇತ್ತ ಇಂಗ್ಲಿಷರೊಡನೆ ಕಾದಾಡುತ್ತಿದ್ದ; ಶತ್ರುವಿನ ಶತ್ರು ಎಂದು ಫಿಲಡೆಲ್ಫಿಯಾದವರಿಗೆ ಅವನು ಇಷ್ಟವಾಗಿದ್ದ. ಬೀಗರ ಮುತ್ತಜ್ಜ ಹೈದರ್ ಅಲಿಯ ಮೇಲೆ ಗುಂಡು ಹಾರಿಸಿದ್ದನೆಂದು ಸಿಕ್ಕರೆ, ಅದು ಹಡಗಿನ ಅಟ್ಟದ ಮೇಲೆ ನಿಂತು ಹಾರಿಸಿದ್ದೆಂದು ಮನೆಯವರಿಗೆ ಬಿಡಿಸಿ ಹೇಳಿ.

ದೋಷ ಮತ್ತು ಪರಿಹಾರ

ಕೊಂಡಿ ಸಿಗುತ್ತಿಲ್ಲ: ಅವನನ್ನು ಬಿಟ್ಟು ಅವನ ನೆರೆಯವರನ್ನು ಹುಡುಕಿ. ಅಂದಿನವರು ಒಂಟಿಯಾಗಿ ವಲಸೆ ಹೋದದ್ದು ಕಡಿಮೆ. ಪೆನ್ಸಿಲ್ವೇನಿಯಾದಲ್ಲಿ ಲಿಂಕನ್ನರ ನೆರೆಯಲ್ಲಿದ್ದವರು ಬೂನ್ ಮನೆತನದವರು. ಎರಡು ಮನೆಗಳ ನಡುವೆ ಮದುವೆಯೂ ಆಯಿತು. ಆ ಬೂನರಲ್ಲಿ ಡೇನಿಯಲ್ ಎಂಬುವನು ಕೆಂಟಕಿಗೆ ದಾರಿ ಕಡಿದ ಮೇಲೆ ಲಿಂಕನ್ನರೂ ಅತ್ತ ನಡೆದರು. ಸಾಕ್ಷಿ ಹಾಕಿದವನು, ಜಾಮೀನು ನಿಂತವನು, ಪಕ್ಕದ ಹೊಲದವನು, ಇವರಲ್ಲಿ ಒಬ್ಬ ಸಾಮಾನ್ಯವಾಗಿ ಭಾವಮೈದುನ.

ಆಸ್ತಿ ಬರುವಂತಿದೆ: ಬರುವುದಿಲ್ಲ. ಮ್ಯಾನ್‌ಹ್ಯಾಟನ್‌ನಲ್ಲಿ ಅನೆಕೆ ಯಾನ್ಸ್ ಎಂಬ ಹೆಂಗಸಿನ 62 ಎಕರೆ ಹೊಲವನ್ನು ಅವಳ ಮಕ್ಕಳು 1670ರ ಹೊತ್ತಿಗೆ ಮಾರಿದರು. ಒಬ್ಬ ಮಗನ ಕಡೆಯವರ ಸಹಿ ಬೀಳಲಿಲ್ಲ. ಹೊಲ ಮುಂದೆ ಟ್ರಿನಿಟಿ ಚರ್ಚಿನ ಪಾಲಾಯಿತು. ಆ ಒಂದು ಸಹಿ ಹಿಡಿದುಕೊಂಡು ಅವಳ ಸಂತತಿಯವರು, ಮತ್ತು ಸಂತತಿಯೆಂದು ಹೇಳಿಕೊಂಡವರು, ಇನ್ನೂರು ವರ್ಷ ಕೋರ್ಟು ಹತ್ತಿಳಿದರು. ವಂತಿಗೆ ಎತ್ತಿದವರು ಉದ್ಧಾರವಾದರು. ಅವಳು ನೆದರ್ಲೆಂಡ್ಸಿನ ಆರೆಂಜ್ ರಾಜಮನೆತನದವಳು ಎಂದೂ ಕಥೆ ಹುಟ್ಟಿತು. ಅವಳು ನಾರ್ವೆಯ ಸಾಧಾರಣ ಮನೆಯವಳು.

ವಂಶವೃಕ್ಷ ತೀರಾ ಚೆನ್ನಾಗಿದೆ: ಅನುಮಾನಿಸಿ. ಸ್ವೀಡನ್ನಿನಿಂದ ಬಂದ ಗುಸ್ತಾವ್ ಆಂಜು (1863–1942) ಎಂಬಾತ ನ್ಯೂಯಾರ್ಕಿನಲ್ಲಿ ಕೂತು ಸಿರಿವಂತರಿಗೆ ಕೇಳಿದಷ್ಟು ಉದ್ದದ ವಂಶ ಬರೆದುಕೊಡುತ್ತಿದ್ದ. ನೂರು ನಿಜವಾದ ದಾಖಲೆಗಳ ನಡುವೆ ಒಂದು ಸುಳ್ಳು ಉಯಿಲು ಸೇರಿಸುವುದು ಅವನ ಕೈಚಳಕ. ಕುಲ ಮಾಡಿಕೊಡುವ ಭಟ್ಟರು ನಮ್ಮಲ್ಲೂ ಇದ್ದರು, ಆದರೆ ಅವರ ದಕ್ಷಿಣೆ ಇಷ್ಟಿರಲಿಲ್ಲ. ಅವನು ಹೊಸೆದ ಕೊಂಡಿಗಳು ಗ್ರಂಥಾಲಯದಿಂದ ಗ್ರಂಥಾಲಯಕ್ಕೆ ಹರಡಿ ಈಗ ಕಂಪ್ಯೂಟರಿನಲ್ಲಿ ಒಬ್ಬರಿಂದೊಬ್ಬರು ನಕಲು ಮಾಡಿಕೊಳ್ಳುವ ಸಿದ್ಧ ವಂಶವೃಕ್ಷಗಳಲ್ಲಿ ಸುಖವಾಗಿವೆ.

ಎಲ್ಲಿ ಕೂತು ನೋಡುವುದು: ಸಾಲ್ಟ್ ಲೇಕ್ ಸಿಟಿಯ ಮಾರ್ಮನ್ ಪಂಥದವರು ಸತ್ತ ಪೂರ್ವಿಕರ ಪರವಾಗಿ ದೀಕ್ಷೆ ಪಡೆಯುವ ನಂಬಿಕೆಯವರು, ಅದಕ್ಕೆ ಹೆಸರು ಬೇಕು. 1938ರಿಂದ ಜಗತ್ತಿನ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡಿ, ಬೆಟ್ಟ ಕೊರೆದು ಒಳಗಿಟ್ಟು, 24 ಲಕ್ಷ ಸುರುಳಿಗಳನ್ನು 2021ರ ಹೊತ್ತಿಗೆ ಡಿಜಿಟಲ್ ಮಾಡಿ ಮುಗಿಸಿದ್ದಾರೆ. ನೋಡಲು ಕಾಸು ಕೇಳುವುದಿಲ್ಲ. ಬಹುಮಟ್ಟಿಗೆ ಮಗನ ಲ್ಯಾಪ್‌ಟಾಪ್ ಸಾಕು.

ಗ್ಯಾರಂಟಿ

ಸಿಕ್ಕವನು ರಾಜನಾಗಿರುತ್ತಾನೆಂದು ಕಂಪನಿ ಭರವಸೆ ಕೊಡುವುದಿಲ್ಲ. ನೇಕಾರನ ಆಳಾಗಿರುವ ಸಂಭವವೇ ಹೆಚ್ಚು. ಮುರಿದ ಕೊಂಡಿಗಳನ್ನು ಬದಲಿಸಿಕೊಡಲಾಗುವುದಿಲ್ಲ. 1890ರ ಬಿಡಿಭಾಗಗಳು ದಾಸ್ತಾನಿನಲ್ಲಿಲ್ಲ. ಮುಂದಿನ ಹೊಸ ಭಾಗ, ಅಂದರೆ 1960ರ ಜನಗಣತಿ, 72 ವರ್ಷದ ನಿಯಮದಂತೆ 2032ರ ಏಪ್ರಿಲ್ 1ರಂದು ಬಿಡುಗಡೆಯಾಗುತ್ತದೆ.